ರಾತ್ರಿ ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ

ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿರುವಾಗ ಮನೆಯಲ್ಲಿ ಏನೇನು ಜೋಪಾನ ಮಾಡಬೇಕು ಅಂತ ಪ್ರಶ್ನೆ ಕಳಿಸಿ ಎಂದು ಹೋದ ತಿಂಗಳು ಕೇಳಿದ್ದೆ. ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಜ್ವರ, ಮೊಸರು, ಮೊಮ್ಮಗು, ಹಂಡೆಯ ಬಿಸಿನೀರು, ಎಲ್ಲವೂ ಮನೆಯೊಳಗಿನ ಸಂಗತಿಗಳೇ. ಆರು ತಿಂಗಳ ಚಿಕಿತ್ಸೆಯಲ್ಲಿ ನೀವು ಆಸ್ಪತ್ರೆಯಲ್ಲಿ ಇರುವುದು ಕೆಲವೇ ದಿನ, ಉಳಿದ ದಿನಗಳೆಲ್ಲ ಮನೆಯಲ್ಲೇ ಕಳೆಯುತ್ತವೆ, ಅಲ್ವಾ? ಬರೆದವರ ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಡಾಕ್ಟ್ರೇ, ನನ್ನ ಅಮ್ಮನಿಗೆ 58 ವರ್ಷ. ಸ್ತನ ಕ್ಯಾನ್ಸರ್ ಆಪರೇಷನ್ ಆಗಿ ಎರಡನೇ ಕೀಮೋ ಮುಗಿದಿತ್ತು. ಒಂಬತ್ತನೇ ದಿನ ರಾತ್ರಿ ಚಳಿ ಹತ್ತಿ ಜ್ವರ ಬಂತು. ಪ್ಯಾರಾಸಿಟಮಾಲ್ ಕೊಟ್ಟೆವು, ಇಳಿಯಿತು. ಬೆಳಿಗ್ಗೆ ಮತ್ತೆ ಬಂತು. ಮಧ್ಯಾಹ್ನ ಆಸ್ಪತ್ರೆಗೆ ಹೋದರೆ ಅಲ್ಲಿ ಚೆನ್ನಾಗಿ ಬೈದರು, ಐದು ದಿನ ಅಡ್ಮಿಟ್ ಮಾಡಿಕೊಂಡರು. ಒಂದು ಜ್ವರಕ್ಕೆ ಇಷ್ಟೆಲ್ಲ ಬೇಕಿತ್ತಾ? (ಹೊಸನಗರ)

ಉತ್ತರ: ಬೇಕಿತ್ತು. ಬೈದದ್ದು ಸರಿಯಲ್ಲ, ಆದರೆ ಅಡ್ಮಿಟ್ ಮಾಡಿಕೊಂಡದ್ದು ಸರಿ. ಈ ವಿಷಯವನ್ನು ಮೊದಲ ಕೀಮೋ ದಿನವೇ ನಿಮಗೆ ಕೂರಿಸಿಕೊಂಡು ಹೇಳಬೇಕಾಗಿತ್ತು, ಹೇಳಿರಲಿಕ್ಕಿಲ್ಲ ಅನ್ನುವುದೇ ನನ್ನ ಬೇಸರ.

ನಮ್ಮ ರಕ್ತದಲ್ಲಿ ನ್ಯೂಟ್ರೋಫಿಲ್ ಅಂತ ಬಿಳಿ ರಕ್ತಕಣಗಳಿವೆ. ಬ್ಯಾಕ್ಟೀರಿಯಾ ಒಳಗೆ ಬಂದರೆ ಮೊದಲು ಓಡಿ ಹೋಗಿ ಹಿಡಿಯುವುದು ಇವೇ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸಾಮಾನ್ಯವಾಗಿ 1500ಕ್ಕಿಂತ ಜಾಸ್ತಿ ಇರುತ್ತವೆ. ಕೀಮೋ ಔಷಧಿ ಬೇಗಬೇಗ ಬೆಳೆಯುವ ಕೋಶಗಳನ್ನು ಹೊಡೆಯುತ್ತದೆ, ಮೂಳೆಯ ಮಜ್ಜೆಯಲ್ಲಿ ಹುಟ್ಟುವ ಈ ಕಣಗಳಿಗೂ ಅದೇ ಏಟು ಬೀಳುತ್ತದೆ. ಹೆಚ್ಚಿನ ಕೀಮೋಗಳಲ್ಲಿ 7ರಿಂದ 14ನೇ ದಿನದ ಒಳಗೆ ಕೌಂಟ್ ಕೆಳಗೆ ಕೂತುಬಿಡುತ್ತದೆ, ಆಮೇಲೆ ನಿಧಾನವಾಗಿ ಏರುತ್ತದೆ. 500ಕ್ಕಿಂತ ಕೆಳಗೆ ಹೋದಾಗ ತಡೆಯುವವರೇ ಇಲ್ಲ ಅಂತ ಲೆಕ್ಕ. ನಿಮ್ಮ ಅಮ್ಮನ ಒಂಬತ್ತನೇ ದಿನ ಸರಿಯಾಗಿ ಆ ಗುಂಡಿಯಲ್ಲೇ ಇತ್ತು.

ಆಗ ಬರುವ ಜ್ವರ ನಮ್ಮ ನಿಮ್ಮ ಜ್ವರದ ಹಾಗೆ ನಡೆದುಕೊಳ್ಳುವುದಿಲ್ಲ. ಕೀವು ಆಗಬೇಕಾದರೂ ಬಿಳಿ ರಕ್ತಕಣ ಬೇಕು. ಅವು ಇಲ್ಲದಾಗ ಕೀವು ಕಾಣುವುದಿಲ್ಲ, ಕಫ ಕಾಣುವುದಿಲ್ಲ, ಗಾಯ ಕೆಂಪಾಗುವುದೂ ಕಡಿಮೆ. ಜ್ವರ ಒಂದೇ ಸುಳಿವು. ಆ ಸುಳಿವನ್ನು ಪ್ಯಾರಾಸಿಟಮಾಲ್ ಅಳಿಸಿಬಿಡುತ್ತದೆ, ಸೋಂಕು ಮಾತ್ರ ರಕ್ತದಲ್ಲಿ ಬೆಳೆಯುತ್ತಲೇ ಇರುತ್ತದೆ. ಕೆಲವೇ ಗಂಟೆಗಳಲ್ಲಿ ಬಿಪಿ ಬಿದ್ದುಹೋಗಬಹುದು.

ಕೆಲವು ವರ್ಷಗಳ ಹಿಂದೆ ಬೆಳಗಿನ ಐದೂವರೆಗೆ ಹಾಲಿನ ಗಾಡಿಯಲ್ಲಿ ಒಬ್ಬರನ್ನು ಕರೆತಂದರು. ಕಂಬಳಿ ಹೊದಿಸಿದ್ದರೂ ಕೈಬೆರಳು ಮಂಜುಗಡ್ಡೆ. ಬಿಪಿ ಯಂತ್ರದಲ್ಲಿ ಅಂಕಿಯೇ ಬರಲಿಲ್ಲ. ಹೆಂಡತಿಯ ಕೈಯಲ್ಲಿದ್ದ ಚೀಲದಲ್ಲಿ ಫೈಲು, ಅದರ ಮೇಲೆ ನಾಲ್ಕು ಮಾತ್ರೆ ಖಾಲಿಯಾಗಿದ್ದ ಪ್ಯಾರಾಸಿಟಮಾಲ್ ಪಟ್ಟಿ. ರಾತ್ರಿ ಎಂಟಕ್ಕೆ ಶುರುವಾದ ಜ್ವರ. "ರಾತ್ರಿ ಹೊತ್ತು ಡಾಕ್ಟ್ರಿಗೆ ಯಾಕೆ ತೊಂದ್ರೆ ಕೊಡೋದು ಅಂತ ಸುಮ್ನಿದ್ವಿ ಮೇಡಂ" ಅಂದರು ಆಕೆ. ಅವರು ಉಳಿದರು, ಆದರೆ ಹನ್ನೆರಡು ದಿನ ಐಸಿಯು. ಆ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ತೊಂದರೆ ಕೊಡಿ. ದಯವಿಟ್ಟು ಕೊಡಿ. ನಾವಿರುವುದು ಅದಕ್ಕೇ.

ಹಾಗಾಗಿ ಮನೆಯಲ್ಲಿ ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಹಣೆ ಮುಟ್ಟಿ ನೋಡುವುದು ಬೇಡ. ಬಾಯಿಯಲ್ಲೋ ಕಂಕುಳಲ್ಲೋ ನೋಡಿ, ಗುದದ್ವಾರದಲ್ಲಿ ಮಾತ್ರ ಇಡಬೇಡಿ, ಅಲ್ಲಿ ಸಣ್ಣ ಗೀರು ಆದರೂ ಸೋಂಕಿಗೆ ದಾರಿ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು ಅಂದರೆ ಗಂಟೆ ಎಷ್ಟಾಗಿದ್ದರೂ ಫೋನ್ ಮಾಡಿ, ಹೊರಡಿ. ಮಾತ್ರೆ ಕೊಡುವ ಮೊದಲು ಜ್ವರ ಎಷ್ಟಿದೆ ಅಂತ ನೋಡಿ ಬರೆದಿಡಿ. ವಯಸ್ಸಾದವರಿಗೆ, ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಜ್ವರವೇ ಬರದೆ ಬರೀ ನಡುಕ, ತಲೆ ಸುತ್ತು, ಮಾತು ತೊದಲುವುದು, ಮಂಕಾಗುವುದು ಇಷ್ಟೇ ಇರಬಹುದು. ಅದನ್ನೂ ಜ್ವರದ ಹಾಗೇ ಲೆಕ್ಕಕ್ಕೆ ಹಿಡಿಯಿರಿ.

ಹೊಸನಗರದಿಂದ ಕ್ಯಾನ್ಸರ್ ಆಸ್ಪತ್ರೆಗೆ ಬರಲು ಗಂಟೆಗಟ್ಟಲೆ ಬೇಕು. ಮೊದಲ ಆಂಟಿಬಯೋಟಿಕ್ ರಕ್ತನಾಳಕ್ಕೆ ಹೋಗಬೇಕಾದದ್ದು ಆಸ್ಪತ್ರೆ ಬಾಗಿಲು ದಾಟಿದ ಒಂದು ಗಂಟೆಯ ಒಳಗೆ. ಆದ್ದರಿಂದ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ ಅಲ್ಲೇ ಶುರುಮಾಡಿಸಿ. ಗಾಡಿ ಇಲ್ಲದಿದ್ದರೆ 108. ಅಲ್ಲಿ ರಾತ್ರಿ ಡ್ಯೂಟಿಯಲ್ಲಿ ಇರುವವರಿಗೆ ನಿಮ್ಮ ಅಮ್ಮನ ಕಥೆ ಗೊತ್ತಿರುವುದಿಲ್ಲ. ಒಂದು ಕಾಗದದಲ್ಲಿ ಯಾವ ಕ್ಯಾನ್ಸರ್, ಯಾವ ಔಷಧಿ, ಕೊನೆಯ ಕೀಮೋ ಯಾವತ್ತು, ನಿಮ್ಮ ಡಾಕ್ಟರ ನಂಬರ್ ಇಷ್ಟು ಬರೆದು ಫೈಲಿನ ಮೇಲೆಯೇ ಅಂಟಿಸಿ. ಹೋದ ತಕ್ಷಣ ಹೇಳುವ ಮೊದಲ ಮಾತು "ಜ್ವರ" ಅಂತ ಆಗಬಾರದು, "ಕೀಮೋ ಆಗಿ ಒಂಬತ್ತು ದಿನ, ಈಗ ಜ್ವರ" ಅಂತ ಆಗಬೇಕು. ಅದನ್ನು ಕೇಳಿದರೆ ಯಾವ ಡಾಕ್ಟರೂ ನಿಮ್ಮನ್ನು ಸಾಲಿನಲ್ಲಿ ಕೂರಿಸುವುದಿಲ್ಲ. ನಿಮ್ಮ ಕಡೆ ಬೇಸಿಗೆಯಲ್ಲಿ ಮಂಗನ ಕಾಯಿಲೆ, ಮಳೆಗಾಲದಲ್ಲಿ ಡೆಂಗಿ ಅಂತ ಜ್ವರಕ್ಕೆ ನೂರು ಕಾರಣ ಇವೆ. ಯಾವುದು ಅಂತ ಮನೆಯಲ್ಲಿ ಕೂತು ಲೆಕ್ಕ ಹಾಕುವುದು ಬೇಡ.

ಪ್ರಶ್ನೆ: ಮೇಡಂ, ನಮ್ಮ ಯಜಮಾನರಿಗೆ ಕರುಳಿನ ಕ್ಯಾನ್ಸರ್, ಕೀಮೋ ನಡೆಯುತ್ತಿದೆ. ಅತ್ತೆ ಮೊಸರು ಬೇಡ ಅಂತಾರೆ, ನಾದಿನಿ ಸಕ್ಕರೆ ಕೊಟ್ಟರೆ ಗಡ್ಡೆ ಬೆಳೆಯುತ್ತೆ ಅಂತಾಳೆ, ಪಕ್ಕದ ಮನೆಯವರು ದಿನಾ ಹಸಿ ತರಕಾರಿ ಜ್ಯೂಸ್ ಕೊಡಿ ಅಂತಾರೆ. ಅವರು ಆರು ಕೆಜಿ ಇಳಿದಿದ್ದಾರೆ. ಏನು ಕೊಡಲಿ? (ತುಮಕೂರು)

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಆರು ಕೆಜಿ. ಉಳಿದದ್ದೆಲ್ಲ ಆಮೇಲೆ. ತೂಕ ಇಳಿದವರಿಗೆ ಔಷಧಿ ತಡೆದುಕೊಳ್ಳುವ ಶಕ್ತಿ ಕಡಿಮೆ, ಕೀಮೋ ಮುಂದಕ್ಕೆ ಹಾಕಬೇಕಾಗುತ್ತದೆ, ಕೆಲವೊಮ್ಮೆ ಡೋಸ್ ಇಳಿಸಬೇಕಾಗುತ್ತದೆ. ಸಕ್ಕರೆ ವಿಷಯ: ಮೈಯ ಎಲ್ಲ ಕೋಶಗಳೂ ಸಕ್ಕರೆಯನ್ನು ಬಳಸುತ್ತವೆ. ನೀವು ಬಾಯಿಗೆ ಸಕ್ಕರೆ ನಿಲ್ಲಿಸಿದರೆ ಮೈ ತಾನೇ ಮಾಡಿಕೊಳ್ಳುತ್ತದೆ, ತನ್ನ ಮಾಂಸ ಕರಗಿಸಿಯಾದರೂ. ಗಡ್ಡೆ ಉಪವಾಸ ಬೀಳುವುದಿಲ್ಲ, ನಿಮ್ಮ ಯಜಮಾನರು ಬೀಳುತ್ತಾರೆ. ಶುಗರ್ ಕಾಯಿಲೆ ಇದ್ದರೆ ಮಾತು ಬೇರೆ. ಕೀಮೋ ಜೊತೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್‌ನಿಂದ ಶುಗರ್ ಏರುತ್ತದೆ, ಆ ದಿನಗಳಲ್ಲಿ ಜಾಸ್ತಿ ಸಲ ಪರೀಕ್ಷೆ ಮಾಡಿ.

ಮೊಸರು ಕೊಡಿ. ಚೆನ್ನಾಗಿ ಕಾಯಿಸಿದ ಹಾಲಿಗೆ ಮನೆಯಲ್ಲೇ ಹೆಪ್ಪು ಹಾಕಿದ, ಹುಳಿ ಬಾರದ, ಅವತ್ತಿನ ಮೊಸರು. ರಕ್ತದ ಕ್ಯಾನ್ಸರ್ ಇರುವವರಿಗೆ, ಅಸ್ಥಿಮಜ್ಜೆ ಕಸಿ ಆದವರಿಗೆ ಅವರ ಡಾಕ್ಟರ್ ಬೇಡ ಅಂದಿದ್ದರೆ ಮಾತ್ರ ಬಿಡಬೇಕು. ಹಸಿ ಜ್ಯೂಸ್ ಈಗ ಬೇಡ. ತರಕಾರಿಗೆ ಅಂಟಿದ ಮಣ್ಣು, ಮಿಕ್ಸಿ ಜಾರಿನ ಬ್ಲೇಡಿನ ಕೆಳಗೆ ನಿಂತ ಕೊಳೆ ಎಲ್ಲ ಅದರೊಳಗೆ ಹೋಗುತ್ತದೆ. ಅದೇ ತರಕಾರಿ ಬೇಯಿಸಿ ಸಾರು ಮಾಡಿದರೆ ಆಯಿತು. ಸಿಪ್ಪೆ ಸುಲಿದು ತಿನ್ನುವ ಬಾಳೆಹಣ್ಣು, ಮೂಸಂಬಿ ಒಳ್ಳೆಯದು. ಹೊರಗೆ ಹೆಚ್ಚಿಟ್ಟ ಹಣ್ಣು, ಪಾನಿಪುರಿ, ಮದುವೆ ಮನೆಯ ಕೋಸಂಬರಿ, ಅರ್ಧ ಬೆಂದ ಮೊಟ್ಟೆ, ಕಾಯಿಸದ ಹಾಲು ಸದ್ಯ ಬೇಡ. ಹಾಗಂತ ಎಲ್ಲ ಹಸಿ ಪದಾರ್ಥ ಬಿಟ್ಟು ಬರೀ ಗಂಜಿಯಲ್ಲಿ ಇಟ್ಟರೆ ಸೋಂಕು ಕಡಿಮೆಯಾಗುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ. ಕೈ ತೊಳೆಯುವುದು, ಬಿಸಿಬಿಸಿ ಬಡಿಸುವುದು, ನೀರು ಕುದಿಸಿ ಕೊಡುವುದು, ಇದರಿಂದಲೇ ಹೆಚ್ಚು ಉಪಯೋಗ.

ಒಂದು ಮಾತು ವಿಶೇಷವಾಗಿ ಹೇಳಬೇಕು. ರಾತ್ರಿ ಉಳಿದ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುವುದು ನಮ್ಮೆಲ್ಲರ ಮನೆಯ ಪದ್ಧತಿ. ಅನ್ನದಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾ ಬೇಯಿಸಿದರೂ ಪೂರ್ತಿ ಸಾಯುವುದಿಲ್ಲ, ಹೊರಗೆ ಇಟ್ಟ ಅನ್ನದಲ್ಲಿ ರಾತ್ರಿಯೆಲ್ಲ ಬೆಳೆದು ವಿಷ ಬಿಡುತ್ತದೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅವರ ಪಾಲಿಗೆ ಬೆಳಿಗ್ಗೆ ಹೊಸ ಅನ್ನ ಮಾಡಿ, ಉಳಿದರೆ ಎರಡು ಗಂಟೆಯ ಒಳಗೆ ಫ್ರಿಜ್‌ಗೆ ಇಡಿ. ದೇವಸ್ಥಾನದ ತೀರ್ಥ, ಪಂಚಾಮೃತದ ಬಗ್ಗೆಯೂ ಕೇಳಿದ್ದೀರಿ. ತಲೆಗೆ ಪ್ರೋಕ್ಷಿಸಿಕೊಂಡರೆ ಸಾಕು, ಕೀಮೋ ಮುಗಿಯುವವರೆಗೆ ಕುಡಿಯುವುದು ಬೇಡ.

ತಿನ್ನದಿರುವುದಕ್ಕೆ ಬಾಯಿಹುಣ್ಣು ಕಾರಣವೇ ಅಂತ ಟಾರ್ಚ್ ಹಾಕಿ ನೋಡಿ. ಒಂದು ಲೋಟ ಬೆಚ್ಚಗಿನ ನೀರಿಗೆ ಕಾಲು ಚಮಚ ಅಡುಗೆ ಸೋಡಾ, ಅದರ ಅರ್ಧದಷ್ಟು ಉಪ್ಪು ಹಾಕಿ ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಲಿ. ಬಾಯಿ ಉರಿಯುವ ಅಂಗಡಿ ಮೌತ್‌ವಾಶ್ ಬೇಡ. ನೀರು ಕುಡಿಯಲೂ ಆಗದಷ್ಟು ನೋವಿದ್ದರೆ, ದಿನಕ್ಕೆ ನಾಲ್ಕಕ್ಕಿಂತ ಜಾಸ್ತಿ ಸಲ ಭೇದಿ ಆಗುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ತಿಳಿಸಿ. ಕರುಳಿನ ಕ್ಯಾನ್ಸರ್‌ಗೆ ಕೊಡುವ ಕೆಲವು ಔಷಧಿಗಳಲ್ಲಿ ಭೇದಿಯನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ.

ಪ್ರಶ್ನೆ: ನನ್ನ ಅಣ್ಣನಿಗೆ ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್). ಕೀಮೋ ಜೊತೆಗೆ ಅಮೃತಬಳ್ಳಿ ಕಷಾಯ, ಅರಿಶಿನದ ಕ್ಯಾಪ್ಸೂಲ್, ಹನುಮಫಲದ ಎಲೆ ಕೊಡುತ್ತಿದ್ದೇವೆ. ನಿತ್ಯಪುಷ್ಪದ ಎಲೆಯಿಂದಲೇ ಕ್ಯಾನ್ಸರ್ ಔಷಧಿ ಮಾಡುತ್ತಾರಂತೆ, ಅದನ್ನೂ ಕೊಡಬಹುದಾ? ಡಾಕ್ಟರಿಗೆ ಹೇಳಿಲ್ಲ, ಬೈತಾರೆ ಅಂತ. (ಹಾಸನ)

ಉತ್ತರ: ನಿತ್ಯಪುಷ್ಪ ಇವತ್ತೇ ನಿಲ್ಲಿಸಿ, ಶುರುಮಾಡಿಲ್ಲ ಅಂದರೆ ಮಾಡಲೇಬೇಡಿ.

ನೀವು ಕೇಳಿದ ಮಾತು ಸುಳ್ಳಲ್ಲ, ಅದಕ್ಕೇ ಜಾಸ್ತಿ ಅಪಾಯ. ಅಂಗಳದಲ್ಲಿ ಗುಲಾಬಿ, ಬಿಳಿ ಹೂ ಬಿಡುವ ಆ ಗಿಡದಿಂದಲೇ ವಿನ್‌ಕ್ರಿಸ್ಟಿನ್ ಅನ್ನುವ ಔಷಧಿ ಬಂದದ್ದು, ನಿಮ್ಮ ಅಣ್ಣನಿಗೆ ಡ್ರಿಪ್‌ನಲ್ಲಿ ಕೊಡುತ್ತಿರುವುದರಲ್ಲಿ ಅದೂ ಇರಬಹುದು. ಆದರೆ ದೊಡ್ಡವರಿಗೂ ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ದಾಟಿಸುವುದಿಲ್ಲ, ಅಷ್ಟು ಖಾರವಾದ ಔಷಧಿ. ಅಳತೆ ತಪ್ಪಿದರೆ ನರಗಳು ಸತ್ತುಹೋಗುತ್ತವೆ, ಕರುಳು ಕೆಲಸ ನಿಲ್ಲಿಸುತ್ತದೆ. ಎಲೆಯಲ್ಲಿ ಎಷ್ಟಿದೆ ಅಂತ ಯಾರು ಅಳೆಯುತ್ತಾರೆ? ಅದರಲ್ಲಿ ಇರುವುದು ಈ ಒಂದು ವಸ್ತುವೂ ಅಲ್ಲ, ಹತ್ತಾರು ಬೇರೆ ವಿಷಗಳಿವೆ.

ಅಮೃತಬಳ್ಳಿ ಬಗ್ಗೆ ಹೇಳಿದರೆ ಕೆಲವರಿಗೆ ಕೋಪ ಬರುತ್ತದೆ. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಕುಡಿದರು, ಅದಾದ ಮೇಲೆ ಲಿವರ್ ಕೆಟ್ಟು ಕಾಮಾಲೆಯಾಗಿ ಬಂದವರ ಬಗ್ಗೆ ನಮ್ಮ ದೇಶದ ಲಿವರ್ ತಜ್ಞರೇ ವರದಿ ಮಾಡಿದರು. ನೋಡಲು ಒಂದೇ ಥರ ಇರುವ ಬೇರೆ ಬಳ್ಳಿಗಳೂ ಅದರ ಹೆಸರಿನಲ್ಲಿ ಬರುತ್ತವೆ. ಅಣ್ಣನ ಲಿವರ್ ಈಗಾಗಲೇ ಕೀಮೋ ಔಷಧಿಯನ್ನು ಅರಗಿಸುವ ಕೆಲಸದಲ್ಲಿದೆ. ಲಿವರ್ ಪರೀಕ್ಷೆಯಲ್ಲಿ ಅಂಕಿ ಏರಿದರೆ ಇದು ಕೀಮೋದಿಂದ ಬಂತು ಅಂತ ಅವರ ಡಾಕ್ಟರ್ ಅಂದುಕೊಳ್ಳುತ್ತಾರೆ, ಗುಣವಾಗಬಹುದಾದ ಔಷಧಿಯ ಡೋಸ್ ಇಳಿಸುತ್ತಾರೆ, ಅಥವಾ ನಿಲ್ಲಿಸುತ್ತಾರೆ. ಲಿಂಫೋಮಾಗಳಲ್ಲಿ ಎಷ್ಟೋ ಬಗೆ ಪೂರ್ತಿ ಗುಣವಾಗುವಂಥವು. ನೀವು ಮುಚ್ಚಿಟ್ಟ ಒಂದು ಲೋಟ ಕಷಾಯದಿಂದ ಆ ಅವಕಾಶ ಹೋಗಬಾರದು ಅನ್ನುವುದಷ್ಟೇ ನನ್ನ ಆತಂಕ.

ಸಾರಿಗೆ ಹಾಕುವ ಅರಿಶಿನ ಹಾಕಿ, ಏನೂ ಆಗುವುದಿಲ್ಲ. ಕ್ಯಾಪ್ಸೂಲ್ ಬೇರೆ. ಅದರಲ್ಲಿ ಸಾರಿನ ಹತ್ತಾರು ಪಟ್ಟು ಇರುತ್ತದೆ, ಪ್ಲೇಟ್‌ಲೆಟ್ ಇಳಿದಾಗ ರಕ್ತಸ್ರಾವ ಜಾಸ್ತಿ ಮಾಡಬಹುದು, ಔಷಧಿಗಳ ಜೊತೆ ಬೆರೆಯಬಹುದು. ಹನುಮಫಲದ ಎಲೆ ಕ್ಯಾನ್ಸರ್ ಗುಣಮಾಡುತ್ತದೆ ಅನ್ನುವುದು ಮನುಷ್ಯರಲ್ಲಿ ಸಾಬೀತಾಗಿಲ್ಲ, ಅದರಲ್ಲಿರುವ ಒಂದು ಅಂಶ ನರಗಳಿಗೆ ಕೆಟ್ಟದ್ದು. ಏಪ್ರಿಕಾಟ್ ಬೀಜ, 'ವಿಟಮಿನ್ ಬಿ17' ಅಂತ ವಾಟ್ಸಾಪ್‌ನಲ್ಲಿ ಬರುವುದು ಹೊಟ್ಟೆಗೆ ಹೋಗಿ ಸಯನೈಡ್ ಆಗುತ್ತದೆ, ಅದರ ಹತ್ತಿರವೂ ಸುಳಿಯಬೇಡಿ. ಭಸ್ಮಗಳಲ್ಲಿ ಸೀಸ, ಪಾದರಸ ಇರಬಹುದು.

ಡಾಕ್ಟರ್ ಬೈದರೆ ಬೈಯಲಿ. ಮುಂದಿನ ಸಲ ಹೋಗುವಾಗ ಕೊಡುತ್ತಿರುವ ಎಲ್ಲವನ್ನೂ, ಡಬ್ಬಿ ಸಮೇತ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಇಡಿ. ಹಾಗೇ ಹೆಪಟೈಟಿಸ್ ಬಿ ಪರೀಕ್ಷೆ ಆಗಿದೆಯಾ ಅಂತಲೂ ಕೇಳಿ. ಆ ವೈರಸ್ ಲಿವರ್‌ನಲ್ಲಿ ಮಲಗಿರುತ್ತದೆ, ಲಿಂಫೋಮಾ ಚಿಕಿತ್ಸೆಯಲ್ಲಿ ಎದ್ದು ಕೂರುವುದುಂಟು. ಮೊದಲೇ ಗೊತ್ತಿದ್ದರೆ ಮಾತ್ರೆ ಕೊಟ್ಟು ತಡೆಯಬಹುದು.

ಪ್ರಶ್ನೆ: ನಮ್ಮ ಆರು ವರ್ಷದ ಮಗಳಿಗೆ ರಕ್ತದ ಕ್ಯಾನ್ಸರ್, ಚಿಕಿತ್ಸೆ ನಡೆಯುತ್ತಿದೆ, ಚೆನ್ನಾಗಿದ್ದಾಳೆ. ಪಕ್ಕದ ಮನೆ ಹುಡುಗನಿಗೆ ಅಮ್ಮ ಬಂದಿದೆ. ಮೈಮೇಲೆ ಗುಳ್ಳೆ ಕಾಣುವ ಹಿಂದಿನ ದಿನ ಇಬ್ಬರೂ ಜೊತೆಗೆ ಆಡಿದ್ದರು. ಇವಳಿಗೆ ಏನೂ ಇಲ್ಲ. ಕಾಯಬಹುದಾ? (ರಾಯಚೂರು)

ಉತ್ತರ: ಈ ಪತ್ರ ಕೈಗೆ ಬಂದ ತಕ್ಷಣ ನಿಮಗೆ ಫೋನ್ ಮಾಡಿಸಿದೆ, ನೀವು ಅವತ್ತೇ ಹೊರಟಿರಿ. ಬೇರೆಯವರಿಗೂ ಗೊತ್ತಾಗಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಕಾಯಬಾರದು. ಅಮ್ಮ ಅಂತ ನಾವು ಕರೆಯುವ ಚಿಕನ್‌ಪಾಕ್ಸ್ ಗುಳ್ಳೆ ಏಳುವುದಕ್ಕೆ ಒಂದೆರಡು ದಿನ ಮೊದಲಿಂದಲೇ ಹರಡುತ್ತದೆ. ತಗುಲಿದ ಮಗುವಿನಲ್ಲಿ ಕಾಣಿಸಿಕೊಳ್ಳಲು 10ರಿಂದ 21 ದಿನ ಬೇಕು. ಬೇರೆ ಮಕ್ಕಳಿಗೆ ವಾರದಲ್ಲಿ ಹೋಗುವ ಇದು ಕೀಮೋದಲ್ಲಿರುವ ಮಗುವಿನ ಶ್ವಾಸಕೋಶಕ್ಕೆ, ಲಿವರ್‌ಗೆ, ಮಿದುಳಿಗೆ ಇಳಿದು ಪ್ರಾಣ ತೆಗೆಯಬಹುದು. ಗುಳ್ಳೆ ಏಳುವ ಮೊದಲೇ ರಕ್ಷಣೆಯ ಇಂಜೆಕ್ಷನ್ ಅಥವಾ ವೈರಸ್ ತಡೆಯುವ ಮಾತ್ರೆ ಕೊಡುವ ದಾರಿ ಇದೆ. ಇಂಜೆಕ್ಷನ್ ಬೇಗ ಕೊಟ್ಟಷ್ಟೂ ಒಳ್ಳೆಯದು, ಹತ್ತು ದಿನ ದಾಟಿದರೆ ಅದರ ಕಾಲ ಮುಗಿದಂತೆ. ದಡಾರ ಬಂದ ಮಗುವಿನ ಜೊತೆ ಇದ್ದರೂ ಹೀಗೇ ಓಡಬೇಕು.

ಬೇವಿನ ಸೊಪ್ಪು ಕಟ್ಟಿ, ದೇವಿಗೆ ತಂಪು ಮಾಡಿ, ಔಷಧಿ ಮುಟ್ಟದೆ ಮನೆಯಲ್ಲೇ ಇಟ್ಟುಕೊಳ್ಳುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಪೂಜೆ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಈ ಮಗುವನ್ನು ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಗೇಟಿನಲ್ಲೇ ವಿಷಯ ಹೇಳಿ, ಅಲ್ಲಿ ಇನ್ನೂ ಇಂಥ ಮಕ್ಕಳು ಕೂತಿರುತ್ತಾರೆ. ಸ್ಕೂಲಿನ ಟೀಚರಿಗೂ ಹೇಳಿಡಿ, ಕ್ಲಾಸಿನಲ್ಲಿ ಯಾರಿಗಾದರೂ ಅಮ್ಮ ಬಂದರೆ ಮೊದಲು ನಿಮಗೆ ಫೋನ್ ಬರಬೇಕು.

ಪ್ರಶ್ನೆ: ನನಗೆ ಗರ್ಭಕೋಶದ ಕೊರಳಿನ ಕ್ಯಾನ್ಸರ್. ಕರೆಂಟು (ರೇಡಿಯೇಷನ್) ಕೊಡುತ್ತಿದ್ದಾರೆ, ವಾರಕ್ಕೊಮ್ಮೆ ಕೀಮೋ ಕೂಡ ಇದೆ. ಸೊಸೆ ಐದು ತಿಂಗಳ ಬಸುರಿ, ಎರಡು ವರ್ಷದ ಮೊಮ್ಮಗ ಇದ್ದಾನೆ. ನನ್ನ ತಟ್ಟೆ ಲೋಟ ಬೇರೆ ಇಟ್ಟಿದ್ದಾರೆ. ಮೊಮ್ಮಗನನ್ನು ಎತ್ತಿಕೊಳ್ಳಬಾರದಂತೆ. ಹೌದಾ? (ಬಾಗಲಕೋಟೆ)

ಉತ್ತರ: ಅಮ್ಮಾ, ಮೊಮ್ಮಗನನ್ನು ಎತ್ತಿಕೊಳ್ಳಿ. ಸೊಸೆಯೂ ನಿಮ್ಮ ಪಕ್ಕದಲ್ಲೇ ಕೂರಬಹುದು. ಕ್ಯಾನ್ಸರ್ ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ ಬರುವುದಿಲ್ಲ. ಹೊರಗಿನ ಯಂತ್ರದಿಂದ ಕೊಡುವ ಕರೆಂಟು ಯಂತ್ರ ನಿಂತ ಕೂಡಲೇ ಮುಗಿಯಿತು, ನಿಮ್ಮ ಮೈಯಲ್ಲಿ ಏನೂ ಉಳಿಯುವುದಿಲ್ಲ. ಕೊನೆಗೆ ಒಳಗಿನಿಂದ ಕೊಡುವ ಕರೆಂಟು ಇದ್ದರೂ ಸಾಮಾನ್ಯವಾಗಿ ಆ ಮೂಲವನ್ನು ಹೊರಗೆ ತೆಗೆದೇ ಮನೆಗೆ ಕಳಿಸುತ್ತಾರೆ. ಥೈರಾಯ್ಡ್ ಕ್ಯಾನ್ಸರ್‌ಗೆ ಕೊಡುವ ರೇಡಿಯೋ ಅಯೋಡಿನ್ ಮಾತ್ರ ಬೇರೆ. ಅದನ್ನು ಕುಡಿದವರು ಕೆಲವು ದಿನ ಮಕ್ಕಳಿಂದ, ಬಸುರಿಯರಿಂದ ದೂರ ಇರಬೇಕು. ನಿಮಗೆ ಅದಲ್ಲ.

ಕೀಮೋ ಕಡೆಯಿಂದ ಒಂದು ಜಾಗ್ರತೆ ಇದೆ. ಔಷಧಿ ಹೋದ ಮೇಲೆ ಸುಮಾರು 48 ಗಂಟೆ ಮೂತ್ರ, ಮಲ, ವಾಂತಿಯಲ್ಲಿ ಅದರ ಅಂಶ ಹೊರಬರುತ್ತದೆ. ಆ ಎರಡು ದಿನ ನಿಮ್ಮ ವಾಂತಿ ಬಕೆಟ್, ಒದ್ದೆಯಾದ ಬಟ್ಟೆ ಸೊಸೆ ಮುಟ್ಟುವುದು ಬೇಡ. ಮಗ ಕೈಗೆ ಗ್ಲೌಸ್ ಹಾಕಿಕೊಂಡು ಮಾಡಲಿ. ನೀವು ಬಳಸಿದ ಮೇಲೆ ಪಾಯಿಖಾನೆಗೆ ಒಂದು ಬಕೆಟ್ ಬದಲು ಎರಡು ಬಕೆಟ್ ನೀರು, ಬಟ್ಟೆ ಬೇರೆಯಾಗಿ ಒಗೆಯುವುದು, ಇಷ್ಟೇ. ಮಾತ್ರೆ ರೂಪದ ಕೀಮೋ ಮನೆಯಲ್ಲಿದ್ದರೆ ಅದನ್ನು ಪುಡಿ ಮಾಡಬೇಡಿ, ಸೊಸೆಯ ಕೈಯಲ್ಲಿ ತೆಗೆಸಿಕೊಳ್ಳಬೇಡಿ.

ಮೊಮ್ಮಗನಿಗೆ ಲಸಿಕೆಗಳು ತಪ್ಪಬಾರದು. ಬಾಯಿಗೆ ಹಾಕುವ ಪೋಲಿಯೋ ಹನಿಯಲ್ಲಿ ಬಲ ಕುಗ್ಗಿಸಿದ ಜೀವಂತ ವೈರಸ್ ಇರುತ್ತದೆ, ಅದು ಮಗುವಿನ ಮಲದಲ್ಲಿ ಕೆಲವು ವಾರ ಬರುತ್ತದೆ. ಮನೆಯಲ್ಲಿ ಕೀಮೋದಲ್ಲಿರುವ ಅಜ್ಜಿ ಇದ್ದಾರೆ ಅಂತ ಮಕ್ಕಳ ಡಾಕ್ಟರಿಗೆ ಮೊದಲೇ ಹೇಳಿದರೆ ಇಂಜೆಕ್ಷನ್ ರೂಪದ ಪೋಲಿಯೋ ಲಸಿಕೆ ವಿಚಾರ ನೋಡುತ್ತಾರೆ. ಈಗಾಗಲೇ ಹನಿ ಹಾಕಿಸಿದ್ದರೆ ಗಾಬರಿ ಬೇಡ, ಅವನ ಕಕ್ಕಸು ತೊಳೆಯುವ ಕೆಲಸ ನೀವು ಮಾಡಬೇಡಿ. ಅವನಿಗೆ ನೆಗಡಿ, ಕೆಮ್ಮು ಇದ್ದ ದಿನ ಮಾತ್ರ ದೂರದಿಂದಲೇ ಮಾತಾಡಿಸಿ. ತಟ್ಟೆ ಲೋಟ ಬೇರೆ ಇಡುವುದನ್ನು ಇವತ್ತೇ ನಿಲ್ಲಿಸಲಿ. ಈ ಪುಟವನ್ನು ಮಗನ ಕೈಯಲ್ಲಿ ಓದಿಸಿ.

ಪ್ರಶ್ನೆ: ಅಡಿಕೆ ತೋಟ ಇದೆ, ನಾನು ಹೋಗದಿದ್ದರೆ ಕೆಲಸ ಸಾಗುವುದಿಲ್ಲ. ಕೀಮೋ ಆದ ಮೇಲೆ ಅಂಗಾಲು ಜುಮ್ಮೆನ್ನುತ್ತದೆ, ಚಪ್ಪಲಿ ಕಳಚಿಬಿದ್ದರೂ ಗೊತ್ತಾಗುವುದಿಲ್ಲ. ತೋಟಕ್ಕೆ ಹೋಗಬಹುದಾ? (ಶಿರಸಿ)

ಉತ್ತರ: ಚಪ್ಪಲಿ ಬಿದ್ದದ್ದು ಗೊತ್ತಾಗದ ಕಾಲಿಗೆ ಮುಳ್ಳು ಹೊಕ್ಕರೂ ಗೊತ್ತಾಗುವುದಿಲ್ಲ. ಕೆಲವು ಕೀಮೋ ಔಷಧಿಗಳು ಕೈಕಾಲಿನ ತುದಿಯ ನರಗಳನ್ನು ಹಾಳು ಮಾಡುತ್ತವೆ. ಇದನ್ನು ಮೊದಲು ಡಾಕ್ಟರಿಗೆ ಹೇಳಿ, ಜಾಸ್ತಿಯಾದರೆ ಡೋಸ್ ಬದಲಿಸಬೇಕಾಗುತ್ತದೆ. ತಣ್ಣೀರು ಮುಟ್ಟಿದರೆ ಶಾಕ್ ಹೊಡೆದಂತೆ ಆಗುತ್ತದೆಯಾ ಅಂತಲೂ ಗಮನಿಸಿ, ಕೆಲವು ಔಷಧಿಗೆ ಅದೇ ಗುರುತು.

ತೋಟಕ್ಕೆ ಕೌಂಟ್ ಏರಿದ ದಿನಗಳಲ್ಲಿ, ಮೂರನೇ ವಾರದಲ್ಲಿ, ಗಂಬೂಟು ಹಾಕಿಕೊಂಡು ಹೋಗಿ ನೋಡಿಕೊಂಡು ಬನ್ನಿ. ಎರಡನೇ ವಾರದಲ್ಲಿ ಬೇಡ. ಗೊಬ್ಬರದ ಗುಂಡಿ, ಕೊಳೆತ ಸೊಪ್ಪು, ಕೊಟ್ಟಿಗೆ ಕೆಲಸ ಚಿಕಿತ್ಸೆ ಮುಗಿಯುವವರೆಗೆ ಬೇರೆಯವರಿಗೆ ಬಿಡಿ, ಅಲ್ಲಿಂದ ಏಳುವ ಶಿಲೀಂಧ್ರದ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ತೆಗೆಯುವುದು ಬಹಳ ಕಷ್ಟ. ಕೊಳೆರೋಗಕ್ಕೆ ಮದ್ದು ಹೊಡೆಯುವ ದಿನವೂ ದೂರ ಇರಿ. ಮಳೆಗಾಲದಲ್ಲಿ ಉಂಬಳದ ಬಗ್ಗೆ ಎಚ್ಚರ. ಅದು ಕಚ್ಚುವಾಗ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ, ಪ್ಲೇಟ್‌ಲೆಟ್ ಕಡಿಮೆ ಇದ್ದಾಗ ಆ ಸಣ್ಣ ಗಾಯವೂ ನಿಲ್ಲದೆ ಸುರಿಯುತ್ತದೆ. ಮೈಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ, ಒಸಡಿನಲ್ಲಿ ರಕ್ತ, ಕಪ್ಪು ಮಲ ಕಂಡರೆ ಅವತ್ತೇ ರಕ್ತ ಪರೀಕ್ಷೆ. ಮೈಕೈ ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ತಾವಾಗಿ ನುಂಗಬೇಡಿ. ನಾಯಿ ಕಚ್ಚಿದರೆ ರೇಬಿಸ್ ಇಂಜೆಕ್ಷನ್ ಕೀಮೋ ನಡುವೆಯೂ ತೆಗೆದುಕೊಳ್ಳಲೇಬೇಕು, ಅದರಲ್ಲಿ ಜೀವಂತ ವೈರಸ್ ಇಲ್ಲ.

ಸ್ನಾನಕ್ಕೆ ಹಂಡೆಯ ನೀರನ್ನು ನೀವೇ ತೋಡಿಕೊಂಡು ಕಾಲ ಮೇಲೆ ಸುರಿಯಬೇಡಿ. ಮೊಣಕೈ ಅದ್ದಿ ನೋಡಿ, ಇಲ್ಲಾ ಮನೆಯವರಿಗೆ ನೋಡಲು ಹೇಳಿ. ಬಿಸಿ ಗೊತ್ತಾಗದೆ ಪಾದ ಬೊಬ್ಬೆ ಬಂದವರನ್ನು ನೋಡಿದ್ದೇನೆ. ರಾತ್ರಿ ಮಲಗುವ ಮೊದಲು ದೀಪದ ಕೆಳಗೆ ಎರಡೂ ಅಂಗಾಲು ನೋಡಿಕೊಳ್ಳಿ. ನೀವು ಬೆಳೆಯುವ ಬೆಳೆಯ ಬಗ್ಗೆ ಹೇಳುವುದಕ್ಕೆ ಸಂಕೋಚ, ಆದರೂ ಹೇಳುತ್ತೇನೆ, ಕವಳ (ಎಲೆಅಡಿಕೆ) ಬಿಡಿ. ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆ ತಾನೇ ಬಾಯಿಯ ಕ್ಯಾನ್ಸರ್ ತರುತ್ತದೆ.

ಕೆಲವು ಚಿಕ್ಕ ಪ್ರಶ್ನೆಗಳಿಗೆ ಇಲ್ಲೇ ಹೇಳಿಬಿಡುತ್ತೇನೆ. ಕೆಂಪು ಬಣ್ಣದ ಕೀಮೋ ಆದ ಮೇಲೆ ಒಂದೆರಡು ದಿನ ಮೂತ್ರ ಕೆಂಪಾಗಿ ಹೋದರೆ (ದಾವಣಗೆರೆ) ಅದು ಔಷಧಿಯ ಬಣ್ಣ, ರಕ್ತ ಅಲ್ಲ. ಆದರೆ ಡ್ರಿಪ್ ಹೋಗುತ್ತಿರುವಾಗ ಸೂಜಿಯ ಜಾಗ ಉರಿದರೆ, ಊದಿದರೆ ತಕ್ಷಣ ಸಿಸ್ಟರ್ ಅವರನ್ನು ಕೂಗಿ, ಆ ಔಷಧಿ ಹೊರಗೆ ಸೋರಿದರೆ ಮಾಂಸ ಸುಡುತ್ತದೆ. ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ (ಉಡುಪಿ) ಎಣ್ಣೆ ಹಚ್ಚಿ ತಿಕ್ಕಬೇಡಿ. ಕ್ಯಾನ್ಸರ್ ಇರುವವರಲ್ಲಿ ರಕ್ತ ಹೆಪ್ಪುಗಟ್ಟುವುದು ಜಾಸ್ತಿ, ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಬಹುದು, ಅವತ್ತೇ ಸ್ಕ್ಯಾನ್ ಬೇಕು. ಬೆನ್ನುನೋವಿನ ಜೊತೆ ಕಾಲು ಸೋತರೆ, ಮೂತ್ರ ಕಟ್ಟಿದರೆ (ಕೋಲಾರ) ಗಡ್ಡೆ ಬೆನ್ನುಹುರಿ ಒತ್ತುತ್ತಿರಬಹುದು. ಗಂಟೆಗಳ ಲೆಕ್ಕ, ನಡೆಯುವ ಶಕ್ತಿ ಉಳಿಯುವುದು ಎಷ್ಟು ಬೇಗ ಬಂದಿರಿ ಅನ್ನುವುದರ ಮೇಲೆ. ಬಾಯಿ ಗಂಟಲಿನ ಭಾಗಕ್ಕೆ ಕರೆಂಟು ಕೊಡಿಸುವ ಮೊದಲು (ಬಳ್ಳಾರಿ) ಹುಳುಕು ಹಲ್ಲುಗಳನ್ನು ತೋರಿಸಿ ಕೀಳಿಸಬೇಕಾದ್ದನ್ನು ಕೀಳಿಸಿ, ಆಮೇಲೆ ಕಿತ್ತರೆ ದವಡೆಯ ಮೂಳೆ ಮಾಯದೇ ಹೋಗಬಹುದು. ಫ್ಲೂ ಇಂಜೆಕ್ಷನ್ (ಮೈಸೂರು) ತೆಗೆದುಕೊಳ್ಳಬಹುದು, ಮನೆಯವರೂ ತೆಗೆದುಕೊಳ್ಳಲಿ, ದಿನ ಯಾವುದು ಅಂತ ನಿಮ್ಮ ಡಾಕ್ಟರನ್ನು ಕೇಳಿ.

ಪ್ರಶ್ನೆ: ಅಪ್ಪನಿಗೆ 71 ವರ್ಷ, ಶ್ವಾಸಕೋಶದ ಕ್ಯಾನ್ಸರ್. ಅವರಿಗೆ ಹೇಳಿಲ್ಲ. "ಕಫ ಗಟ್ಟಿಯಾಗಿದೆ, ಕರಗಿಸುವ ಇಂಜೆಕ್ಷನ್" ಅಂದಿದ್ದೇವೆ. ಹೇಳಿದರೆ ಕುಗ್ಗಿಹೋಗುತ್ತಾರೆ. ನಾನು ಪುಣೆಯಲ್ಲಿ ಕೆಲಸದಲ್ಲಿದ್ದೇನೆ, ಅಪ್ಪ ಅಮ್ಮ ಇಬ್ಬರೇ ಇರುತ್ತಾರೆ. ಏನು ಜೋಪಾನ ಮಾಡಬೇಕು? (ಧಾರವಾಡ)

ಉತ್ತರ: ಮೇಲೆ ಬರೆದದ್ದನ್ನೆಲ್ಲ ಒಮ್ಮೆ ನಿಮ್ಮ ಅಪ್ಪನ ಜಾಗದಲ್ಲಿ ನಿಂತು ಓದಿ. ರಾತ್ರಿ ಚಳಿ ಹತ್ತಿದರೆ ಅವರು ಏನಂದುಕೊಳ್ಳುತ್ತಾರೆ? ಕಫ ಇದೆಯಲ್ಲ, ಅದಕ್ಕೇ ಜ್ವರ, ಬೆಳಿಗ್ಗೆ ನೋಡೋಣ ಅಂದುಕೊಳ್ಳುತ್ತಾರೆ. ಅಮ್ಮನಿಗೆ ಗೊತ್ತಿದ್ದರೂ ಅಪ್ಪನ ಎದುರು ಬಾಯಿ ಬಿಡುವ ಹಾಗಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಏನು ಕಾಯಿಲೆ ಅಂತ ಕೇಳಿದರೆ ಕಫ ಅಂತಲೇ ಹೇಳುತ್ತಾರೆ. ನಿಮ್ಮ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಮನೆಯಲ್ಲಿ ಇಬ್ಬರೇ ಇರುವಾಗ ಈ ಮುಚ್ಚುಮರೆಯೇ ಅವರಿಗೆ ಎಲ್ಲಕ್ಕಿಂತ ದೊಡ್ಡ ಅಪಾಯ.

ಇನ್ನೊಂದು ವಿಷಯ. ಎಷ್ಟೋ ಜನರಿಗೆ ಗೊತ್ತಿರುತ್ತದೆ. ವಾರ್ಡಿನ ಬೋರ್ಡು ಓದಿರುತ್ತಾರೆ, ಪಕ್ಕದ ಹಾಸಿಗೆಯವರ ಹತ್ತಿರ ಮಾತಾಡಿರುತ್ತಾರೆ. ಒಬ್ಬ ಯಜಮಾನರು ಮಗ ಔಷಧಿ ತರಲು ಹೊರಗೆ ಹೋದ ಹೊತ್ತು ನೋಡಿ "ನಂಗೆ ಗೊತ್ತದ ಅಂತ ಹುಡುಗಗ ಹೇಳಬ್ಯಾಡ್ರಿ, ಅಂವಾ ಹೆದರತಾನ" ಅಂದಿದ್ದರು. ಇಬ್ಬರೂ ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು ಆರು ತಿಂಗಳು ಒಂದೇ ಬೈಕಿನಲ್ಲಿ ಬಂದು ಹೋಗುತ್ತಿದ್ದರು.

ಒಂದೇ ಸಲ ಎಲ್ಲ ಹೇಳಬೇಕಾಗಿಲ್ಲ. ಮೊದಲು ಕೇಳಿ: "ಅಪ್ಪಾ, ನಿಮ್ಮ ಬ್ಯಾನಿ ಬಗ್ಗೆ ನಿಮಗ ಎಲ್ಲಾ ಹೇಳ್ಲೇನು, ಇಲ್ಲಾ ನನಗ ಬಿಡ್ತೀರೇನು?" ನಿನಗೆ ಬಿಟ್ಟಿದ್ದೇನೆ ಅಂದರೆ ಅದು ಅವರ ತೀರ್ಮಾನ. ಹೇಳು ಅಂದರೆ ಹೇಳಿ, ಕಷ್ಟವಾದರೆ ಡಾಕ್ಟರ್ ಎದುರು ಕೂರಿಸಿ ಅವರಿಂದ ಹೇಳಿಸಿ. ಆಮೇಲೆ ಅತ್ತರೆ ಅಳಲಿ, ಪಕ್ಕದಲ್ಲಿ ಕೂತಿರಿ. ನಿದ್ದೆ ಬಿಟ್ಟು, ಊಟ ಬಿಟ್ಟು ಕೂತರೆ 14416ಕ್ಕೆ ಫೋನ್ ಮಾಡಿ. ಮನಸ್ಸಿನ ಕಷ್ಟಕ್ಕೆ ಇರುವ ಸರ್ಕಾರಿ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡುತ್ತಾರೆ.

ಕಾಯಿಲೆಯ ಹೆಸರು ಅವರಿಗೆ ಬೇಡವಾದರೂ ಇಷ್ಟು ಗೊತ್ತಿರಲೇಬೇಕು: ಈ ಇಂಜೆಕ್ಷನ್ ಆದ ಮೇಲೆ ಜ್ವರ ಬಂದರೆ ಅದು ಬೇರೆ ಜ್ವರದ ಹಾಗಲ್ಲ, ರಾತ್ರಿಯಾದರೂ ಹೊರಡಬೇಕು. ಮುಂದಿನ ಕೀಮೋ 14ನೇ ತಾರೀಖು ಅಂತ ಬರೆದಿದ್ದೀರಿ. ಅದಕ್ಕೆ ಎರಡು ದಿನ ಮೊದಲೇ ಊರಿಗೆ ಬನ್ನಿ. ರಾತ್ರಿ ಕರೆದರೆ ಗಾಡಿ ತರುವ ಒಬ್ಬ ನೆರೆಯವರನ್ನು ಮಾತಾಡಿಸಿ ಒಪ್ಪಿಸಿ, ಅವರ ನಂಬರನ್ನು ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ. ಥರ್ಮಾಮೀಟರ್ ಹೇಗೆ ನೋಡುವುದು ಅಂತ ಅಪ್ಪನಿಗೆ ತೋರಿಸಿ, ಅದನ್ನು ಅವರ ಕೈಗೇ ಕೊಡಿ.